ಮೈಕ್ ಸೆಟ್ಟಿನಾತನ ಅಂಗೈ

ನನಗ ಆಗ ಅರವತ್ತೆಂಟು, ಐದು ವರ್ಷದ ಹಿಂದಿನ ಮಾತಿದು. ಹನುಮಸಾಗರದಾಗ ಯಾರ ಲಗ್ನ ಆದರೂ ಮೈಕ್ ಸೆಟ್ ನಮ್ಮೂರ ಮೈಕಿನಾತಂದ. ಸ್ಪೀಕರ್ ಡಬ್ಬಿ ಮ್ಯಾಲೆ ಅಂಗೈ ಇಡತಿದ್ದ. ಅದು ಗಡಗಡ ನಡುಗಿದರ, "ಹಿಂದಿನವರಿಗೂ ಕೇಳಬೇಕವ್ವಾ" ಅಂತ ನಗತಿದ್ದ. ಆಮ್ಯಾಲೆ ಪಂಚಾಯಿತಿಯವರು ಸಪ್ಪಳಕ್ಕ ಕಾಯ್ದೆ ತಂದರು. ಓಣಿಯಾಗ ಸಣ್ಣಗ ಹಚ್ಚಬೇಕು, ಇಲ್ಲಾಂದ್ರ ಸೆಟ್ ಜಪ್ತಿ.

ನಮ್ಮ ಮಗ್ಗಲ ಮನಿ ಅರಿಷಿಣದ ದಿನ ಪಂಚಾಯಿತಿ ಮನುಷ್ಯಾ ಬಂದು, "ಸಣ್ಣ ಮಾಡೋ" ಅಂದ. ಮೈಕಿನಾತ ಹೂಂ ಅಂತ ತಲಿ ಅಲ್ಲಾಡಿಸಿ, ಡಬ್ಬಿ ಮ್ಯಾಲೆ ಕೈ ಇಟ್ಟು ನಿಂತ. ಸಪ್ಪಳ ಒಂದೀಟೂ ಇಳೀಲಿಲ್ಲ.

"ನನಗ ಸೊಕ್ಕು ತೋರಸ್ತೀಯೇನಲೇ?" ಅಂತ ಆ ಮನುಷ್ಯಾ ಸೆಟ್ಟಿನ ವಾಯರಿಗೆ ಕೈ ಹಾಕಿದ.

ಆಗ ಮೈಕಿನಾತ ಎಲ್ಲಾರ ಮುಂದ ಕೈ ಮುಗಿದ. "ಸೆಟ್ ಒಯ್ಯಬ್ಯಾಡ್ರಿ ಸಾಹೇಬ್ರ. ನನಗ ಕಿವಿ ಕೇಳಸೂದಿಲ್ರಿ. ಎಷ್ಟಕ್ಕ ಇಳಸಲಿ, ಬಟ್ಟು ಮಾಡಿ ತೋರಸ್ರಿ."

ಸೆಟ್ ಉಳೀತು. ಆದರ ಹಂದರದಾಗಿನ ಮಂದಿ, "ಕಿವುಡನ ಕೈಯಾಗ ಮೈಕ್ ಕೊಟ್ಟೇವಲ್ಲೋ!" ಅಂತ ಬಿದ್ದು ಬಿದ್ದು ನಕ್ಕರು. ನಗಿ ಅವಗ ಕೇಳಲಿಲ್ಲ, ಹಲ್ಲು ಕಂಡವು. ಮುಂದ ಅವ ಯಾರ ಲಗ್ನಕ್ಕೂ ಬರಲಿಲ್ಲ.

ಅರಿಷಿಣದ ಮರುದಿನ ಮುಂಜಾನಿನ ನಾ ವೀಳ್ಯ ಹಿಡಕೊಂಡು ಅವನ ಬಾಗಲಕ್ಕ ಹೋಗಿದ್ದೆ. "ನನ್ನ ಮೊಮ್ಮಗಳ ಲಗ್ನಕ್ಕ ನೀನ ಬರಬೇಕಪಾ" ಅಂತ ಓಣಿಗೆಲ್ಲಾ ಕೇಳೂಹಂಗ ಒದರಿದೆ. ಕೇಳಲಿಲ್ಲೋ, ಮಾರಿ ತೋರಸಲಾರದಕ್ಕೋ, ಬಾಗಲಾ ತಗೀಲಿಲ್ಲ. ವೀಳ್ಯ ಹೊಸ್ತಿಲ ಮ್ಯಾಲಿಟ್ಟು ಬಂದೆ.