ಹೆಪ್ಪು ಹಾಕದ ಹಾಲು

ಎರಡು ಸಾವಿರದ ಇಸವಿ ದಾಟಿದ ಹೊಸತು. ನನ್ನ ನಾದಿನಿ ಧಾರವಾಡದಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ರಜೆಗೆಂದು ಶಿರಸಿಯ ನಮ್ಮ ಬಾಡಿಗೆ ಮನೆಗೆ ಬಂದಾಗಲೆಲ್ಲ ಅವಳ ಉಗುರ ಸಂದಿಯಲ್ಲಿ ಹಳದಿ ಕಲೆ ಇರುತ್ತಿತ್ತು. ಎಷ್ಟು ಉಜ್ಜಿದರೂ ಹೋಗದು.

ಇಂಗಾಲದ ಎರಡು ಉಂಗುರಗಳನ್ನು ಬೆಸೆಯುವುದು ಅವಳ ಕೆಲಸ. ಔಷಧಿ ತಯಾರಿಸುವವರಿಗೆ ಅದು ಬೇಕಂತೆ. ಬೆಸೆಯಲು ಪಲ್ಲಾಡಿಯಂ ಎಂಬ ದುಬಾರಿ ಲೋಹ ಚೂರಾದರೂ ಇರಬೇಕು; ತಾನು ಖರ್ಚಾಗದೆ ಕೆಲಸ ಮಾಡಿಸುವ ಕ್ರಿಯಾವರ್ಧಕ. ಆ ಶಬ್ದವನ್ನು ಕಾನ್ವೆಂಟಿನಲ್ಲಿ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ, ಅರ್ಥ ಕೇಳಿರಲಿಲ್ಲ. ನಾದಿನಿಯ ಗಾಜಿನ ಪಾತ್ರೆಯಲ್ಲಿ ಮಾತ್ರ ಲೋಹ ಹಾಕದೆಯೇ ಬೆಸುಗೆಯಾಗಿತ್ತು. ಅವಳ ಡಾಕ್ಟರೇಟ್ ನಿಂತಿದ್ದೇ ಅದರ ಮೇಲೆ. ಪ್ರಬಂಧ ಬರೆದಾಗಿತ್ತು, ಒಪ್ಪಿಸುವುದೊಂದೇ ಬಾಕಿ.

ಆ ಬೇಸಿಗೆಯಲ್ಲಿ ಒಂದು ಸಂಜೆ ಪಾತ್ರೆ ಸಾಲದೆ, ಉಳಿದ ಹಾಲನ್ನು ದಿನಾ ಮೊಸರು ಮಾಡುವ ಕಲ್ಲಿನ ಮರಿಗೆಗೆ ಸುರಿದಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಗಟ್ಟಿ ಮೊಸರು.

“ಇದಕ್ಕೆ ಹೆಪ್ಪು ಹಾಕಿದ್ದು ಯಾರು?” ಎಂದೆ.

“ಆನಂತೂ ಮುಟ್ಟಿದ್ನಿಲ್ಲೆ,” ಎಂದರು ಅತ್ತೆ. “ಕಾನ್ವೆಂಟಿನ ಸೊಸೆ ಇಂಗ್ಲಿಷಲ್ಲಿ ಎಂತಾರು ಹೇಳಿಕ್ಕು, ಹಾಲು ಹೆದರಿ ಮೊಸರಾತು!”

ಮೂವರೂ ನಕ್ಕೆವು. ನಾದಿನಿಯ ನಗು ನಡುವೆಯೇ ನಿಂತಿತು. ಮರಿಗೆಯ ಒರಟು ಅಂಚನ್ನು ಬೆರಳಿಂದ ಸವರಿದಳು.

“ತೊಳದಿದ್ಯಲೇ ಅತ್ತಿಗೆ?”

“ಬಿಸಿನೀರು ಹಾಕಿ ತಿಕ್ಕಿದ್ದೆ.”

“ಯನ್ನ ಮ್ಯಾಗ್ನೆಟ್ಟನ್ನೂ ಹಂಗೇ ತಿಕ್ತಿದ್ದೆ,” ಎಂದಳು ಮೆಲ್ಲಗೆ.

ದ್ರಾವಣವನ್ನು ಕಲಕಲು ಪಾತ್ರೆಯೊಳಗೆ ಬಿಳಿ ಹೊದಿಕೆಯ ಅಯಸ್ಕಾಂತದ ತುಂಡೊಂದು ತಿರುಗುತ್ತಿರುತ್ತದಂತೆ. ಅವಳದ್ದು ಹಿಂದೆ ಯಾರ್‍ಯಾರೋ ಬಳಸಿಬಿಟ್ಟದ್ದು; ಗೀರು ಬಿದ್ದು ಬೂದು ಬಣ್ಣಕ್ಕೆ ತಿರುಗಿತ್ತು. ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದವಳು ಮಧ್ಯಾಹ್ನದ ಬಸ್ಸಿಗೆ ಹೊರಟೇಬಿಟ್ಟಳು.

ವಾರ ಕಳೆದ ಮೇಲೆ ಫೋನು ಬಂತು.

“ಹೊಸ ಮ್ಯಾಗ್ನೆಟ್ ಹಾಕಿ ಮಾಡಿದೆ ಅತ್ತಿಗೆ. ಎಂತದೂ ಆಜಿಲ್ಲೆ.”

“ಹಳೇದ್ರಲ್ಲಿ?”

“ಹಳೇದ್ರಲ್ಲಿ ಚಂದಾಗಿ ಆಗ್ತು. ಮರಿಗೆ ಕಲ್ಲಲ್ಲಿ ಹೆಪ್ಪು ಉಳ್ದಿದ್ದ ಹಂಗೇ, ಹಿಂದಿನವ್ರ ಪಲ್ಲಾಡಿಯಂ ಆ ಗೀರಿನೊಳಗೇ ಕೂತಿತ್ತು ಕಾಣ್ತು.”

“ಬೇರೆ ಯಾರಿಗೂ ಗೊತ್ತಿಲ್ಲೆ, ಅಲ್ದಾ?” ಎಂದುಬಿಟ್ಟೆ.

“ಯಾರಿಗೂ ಗೊತ್ತಿಲ್ದೇ ಇದ್ರೂ ಯಂಗೆ ಗೊತ್ತಿದ್ದಲೆ.”

ಅವಳೇ ಹೋಗಿ ಗೈಡಿಗೆ ಹೇಳಿದಳಂತೆ. ಬೇರೆ ವಿಷಯ ಹಿಡಿದು ಮೊದಲಿನಿಂದ ಶುರುಮಾಡು ಎಂದರಂತೆ ಅವರು. ಫೆಲೋಶಿಪ್ ಮುಗಿದಿತ್ತು, ಅವಳ ಉಮೇದೂ ಮುಗಿದಿತ್ತು. ಯಲ್ಲಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು.

ಮುಂದಿನ ಬೇಸಿಗೆಯಲ್ಲಿ ಅವಳ ಕೋಣೆಗೆ ಹೋಗಿದ್ದೆ. ಹೊರಗೆ ಹೆದ್ದಾರಿಯಲ್ಲಿ ಲಾರಿಗಳ ಸದ್ದು. ಚಹಾ ಮಾಡಲೆಂದು ಹಾಲಿನ ಪಾತ್ರೆ ತೊಳೆದಳು, ಮೂಸಿದಳು, ಮತ್ತೆ ತೊಳೆದಳು. ಹೊಸ ಸ್ಟೀಲಿನ ಪಾತ್ರೆ ಅದು. “ಸಾಕೇ ಕೂಸೆ,” ಎಂದೆ. ಕೇಳಿಸದವಳ ಹಾಗೆ ಇನ್ನೊಮ್ಮೆ ನಲ್ಲಿಯ ಕೆಳಗೆ ಹಿಡಿದಳು. ನೀರಿನಲ್ಲಿ ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಉಗುರ ಸಂದಿಯ ಹಳದಿ ಪೂರ್ತಿ ಹೋಗಿತ್ತು.