ಬುತ್ತಿ ಚೀಲದಲ್ಲಿ ಬಂದ ಕೀಬೋರ್ಡು

ಮಾಳಿಗೆಯ ಮೇಲೆ ಶ್ಯಾವಿಗೆ ಒತ್ತುತ್ತಿದ್ದೆ. ರಮ್ಜಾನಿಗೆ ಇನ್ನೂ ದಿನ ಇದ್ದವು, ಆದರೂ ಲಕ್ಷ್ಮೇಶ್ವರದ ಬಿಸಿಲು ಸಿಕ್ಕಾಗಲೇ ಒಣಗಿಸಿಟ್ಟುಕೊಂಡರೆ ಉಪವಾಸದ ತಿಂಗಳಲ್ಲಿ ಕೈ ಹಗುರ. ನಾನು ಮಷಿನ್ನಿನ ಹಿಡಿಕೆ ತಿರುಗಿಸುತ್ತಿದ್ದೆ, ಅತ್ತೆ ಇಳಿದ ಎಳೆಗಳನ್ನು ಎತ್ತಿ ಹೊರಸಿನ ಮೇಲಿನ ಬಿಳಿ ಧೋತರಕ್ಕೆ ಹರಡುತ್ತಿದ್ದರು. ಅಷ್ಟರಲ್ಲಿ ಬಜಾರದ ತನ್ನ ಕಸೂತಿ ಅಂಗಡಿಯಿಂದ ನಾದಿನಿ ಫೋನು ಮಾಡಿದಳು. (ನಮ್ಮ ಮನೆಮಾತು ಅರ್ಧ ಉರ್ದು, ಅರ್ಧ ಕನ್ನಡ. ಬರೆಯುವಾಗ ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ.)

“ಭಾಭಿ, ಕಂಪ್ಯೂಟರ್ ಹೋತು. ಕರ್ರ್ ಅಂತು, ಸುಟ್ಟ ವಾಸನಿ ಬಂತು. ಈಗ ಏನ ಒತ್ತಿದ್ರೂ ಉಸರಿಲ್ಲ.”

ನಾದಿನಿ ನನ್ನ ಯಜಮಾನರ ತಂಗಿ. ಗಂಡನ ಮನೆಯ ಋಣ ಹರಿದು ತವರಿಗೆ ಬಂದ ಮೇಲೆ ಕಂಪ್ಯೂಟರ್ ಕಸೂತಿ ಕಲಿತಳು. ಕುಪ್ಪಸದ ತೋಳಿಗೆ, ಓಢಣಿಯ ಅಂಚಿಗೆ ಬೇಕಾದ ಬಳ್ಳಿ, ನವಿಲುಗಳನ್ನು ಕಂಪ್ಯೂಟರಿನಲ್ಲಿ ತಾನೇ ಬಿಡಿಸುತ್ತಾಳೆ. ಪಕ್ಕದ ಯಂತ್ರ ಅದನ್ನು ಓದಿಕೊಂಡು ಹೊಲಿಯುತ್ತದೆ. ಆ ಕೆಲಸ ಕೈಯಲ್ಲಿದ್ದುದರಿಂದಲೇ ಮುಂಡರಗಿಯ ಸಂಬಂಧವೊಂದಕ್ಕೆ ಆಕೆ ಒಲ್ಲೆ ಎನ್ನಲು ಆಗಿತ್ತು. ಯಜಮಾನರು ಕೆಟ್ಟವರಲ್ಲ. ಆದರೆ “ಮಷಿನ್ ನಡಿಯೂತನಾ ನಿನ್ನ ಮಾತು. ನಿಂತ್ರ ಮುಂಡರಗಿಯವರಿಗೆ ಹೂಂ ಅಂತೀನಿ” ಎಂದು ಊಟಕ್ಕೆ ಕೂತಾಗ ಹೇಳಿಬಿಟ್ಟಿದ್ದರು. ಆ ಮನೆಯ ಹಿರಿಯರು ಕೊನೆಯ ಉತ್ತರ ಕೇಳಲು ಫೋನು ಮಾಡುವವರಿದ್ದುದು ಅದೇ ದಿನ ಸಂಜೆ.

ಕೈಗಂಟಿದ ಹಿಟ್ಟನ್ನು ಉದುರಿಸುತ್ತಲೇ ಇಳಿದು ಅಂಗಡಿಗೆ ಹೋದೆ. ಕಂಪ್ಯೂಟರಿನ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ ಇಬ್ಬರೂ ಗದಗಿನ ಬಸ್ಸು ಹತ್ತಿದೆವು. ಕೂರಲು ಜಾಗ ಸಿಕ್ಕಿತು, ದೇವರಿಗೆ ಶುಕ್ರ್. ಡಬ್ಬಿ ಅವಳ ತೊಡೆಯ ಮೇಲೆ, ಜಪಮಣಿ ನನ್ನ ಕೈಯಲ್ಲಿ. ಶಿರಹಟ್ಟಿ ಬರುವುದರೊಳಗೆ ನನ್ನ ಎಣಿಕೆ ಎಷ್ಟು ಸಲ ತಪ್ಪಿತೋ. ಬಾಯಿ ದೇವರ ಹೆಸರು ಹೇಳುತ್ತಿತ್ತು, ಮನಸ್ಸು ಮಾತ್ರ ಮುಂಡರಗಿಯ ಫೋನಿಗೆ ಕಿವಿಗೊಟ್ಟು ಕೂತಿತ್ತು.

ಗದಗಿನಲ್ಲಿ ಬಸ್‌ಸ್ಟ್ಯಾಂಡಿನ ಆಚೆಗೆ ರಿಪೇರಿ ಅಂಗಡಿ. ಅಂಗಡಿಯವ ನಡುವಯಸ್ಸಿನ ಮಾತುಗಾರ. ಡಬ್ಬಿಯ ಬಗಲ ಮುಚ್ಚಳ ತೆಗೆದವನೇ ಹಿಂದೆ ಸರಿದ.

“ಇದೇನ್ರಿ ಅಕ್ಕಾರ, ಒಳಗ ಒಲಿ ಹಚ್ಚಿದ್ರೇನು?”

ಫ್ಯಾನಿನ ರೆಕ್ಕೆಗಳ ಮೇಲೆ ಕಪ್ಪು ಮಸಿ ಕಾಡಿಗೆಯ ಹಾಗೆ ಅಂಟಿತ್ತು. ಅವನು ಬೆರಳಿಂದ ಕೆರೆದು ಮೂಸಿದ. “ಲೋಬಾನ! ನಮ್ಮವ್ವನೂ ಸೋಮವಾರಕ್ಕೊಮ್ಮೆ ಊದು ಹಾಕ್ತಾಳ್ರಿ, ಖರೆ. ದೇವರ ಮುಂದ ಹಾಕ್ತಾಳ. ನೀವು ಮಷಿನ್ನಿನ ಮೂಗಿಗೇ ಹಿಡದೀರಿ.”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಪ್ರತಿ ಗುರುವಾರ ಸಂಜೆ ಅತ್ತೆ ಕೆಂಡದ ಲೋಬಾನದಾನಿ ಹಿಡಿದು ಅಂಗಡಿಗೆ ಹೋಗುತ್ತಾರೆ. ಬಾಗಿಲು, ಕತ್ತರಿ, ದಾರದ ಉಂಡೆ ಎಲ್ಲಕ್ಕೂ ಹೊಗೆ ತೋರಿಸುತ್ತಾರೆ. ಮಗಳ ಅನ್ನ ಹುಟ್ಟುವುದು ಕಂಪ್ಯೂಟರಿನಲ್ಲೆಂದು ಅದರ ಮುಂದೆ ಮಾತ್ರ ತುಸು ಹೆಚ್ಚು ಹೊತ್ತು ನಿಂತು ದುವಾ ಓದುತ್ತಾರೆ. ಒಳಗಿನ ಫ್ಯಾನು ಆ ಹೊಗೆಯನ್ನೆಲ್ಲ ಸೇದಿಕೊಂಡಿತ್ತು.

ಒಳಗಿನ ಬೋರ್ಡು ಸುಟ್ಟಿತ್ತು, ಫೈಲುಗಳಿರುವ ಡಿಸ್ಕು ಉಳಿದಿತ್ತು. ಅದಕ್ಕೂ ಒಂದು ಶುಕ್ರ್.

“ಹೊಸಾ ಬೋರ್ಡ್ ಹಾಕಿ, ಫೈಲ್ ತಗದಿಟ್ಟು, ಡಿಸ್ಕ್ ಪೂರ್ತಿ ಅಳಿಸಿ ಫಾರ್ಮ್ಯಾಟ್ ಹೊಡದು, ಹೊಸಾ ವಿಂಡೋಸ್ ಕೊಡ್ತೀನಿ. ನಿಮ್ಮ ಡಿಸೈನ್ ಫೈಲ್ ಒಂದೂ ಹೋಗಂಗಿಲ್ಲ, ಆತಿಲ್ಲ?”

“ಆಗಂಗಿಲ್ರಿ ಅಣ್ಣಾ,” ಎಂದಳು ನಾದಿನಿ. “ಫೈಲ್ ಉಳದು ಏನ ಮಾಡ್ಲಿ? ಅವನ್ನ ತೆಗಿಯೂ ಕಸೂತಿ ಸಾಫ್ಟ್‌ವೇರ್ ಆ ಹಳೇ ವಿಂಡೋಸಿನ್ಯಾಗ ಐತಿ. ಅದರ ಸಿಡಿ ಸೀಳೇತಿ, ಹಾಕಿ ಕೊಟ್ಟಾಂವ ಅಂಗಡಿ ಮುಚ್ಚಿ ಹೋಗ್ಯಾನ. ಫಾರ್ಮ್ಯಾಟ್ ಅಂದ್ರ ನನ್ನ ಕೈ ಕಡದಂಗ. ಇದ್ದದ್ದನ್ನ ಇದ್ದಂಗ ಎಬ್ಬಿಸಿ ಕೊಡ್ರಿ.”

ಅವನು ತಲೆ ಕೆರೆದುಕೊಂಡ. “ಹೆಂಗಾಕ್ಕೈತಿ ಗೊತ್ತೇನ್ರಿ? ಮಲಗಿದಾಕಿನ್ನ ಹಾಸಗಿ ಸಮೇತ ಹೊತ್ತು ಬ್ಯಾರೇ ಮನ್ಯಾಗ ಇಟ್ಟಂಗ. ಎಚ್ಚರಾದಾಗ ಬಾಗಲಾ ಎಲ್ಲಿ, ಬಚ್ಚಲಾ ಎಲ್ಲಿ ಅಂತ ಹೌಹಾರ್ತಾಳ.”

“ಹೌಹಾರ್ಲಿ. ನಾನೂ ಒಮ್ಮೆ ಹೌಹಾರೀನಿ. ಆಮ್ಯಾಲೆ ರೂಢಿ ಆಗ್ತೈತಿ,” ಎಂದಳು.

ಅವನು ನಗಲಿಲ್ಲ. ಡಿಸ್ಕನ್ನು ಮೊದಲು ತನ್ನ ಕಂಪ್ಯೂಟರಿಗೆ ಚುಚ್ಚಿ ಹೊಸ ಬೋರ್ಡನ್ನು ವಿಂಡೋಸಿಗೆ ಪರಿಚಯಿಸುವ ಡ್ರೈವರ್ ಫೈಲುಗಳನ್ನು ಅದರೊಳಗೆ ಇಟ್ಟ. ಆಮೇಲೆ ಆ ಡಿಸ್ಕನ್ನು ಹೊಸ ಬೋರ್ಡಿಗೆ ಸಿಕ್ಕಿಸಿ ಗುಂಡಿ ಒತ್ತಿದ. ನಾನು ಬಿಸ್ಮಿಲ್ಲಾ ಎಂದೆ. ವಿಂಡೋಸಿನ ಗುರುತು ಅರ್ಧ ಮೂಡಿತು, ಪಟ್ಟನೆ ಇಡೀ ಪರದೆ ನೀಲಿಯಾಗಿ ಬಿಳಿ ಅಕ್ಷರ ತುಂಬಿಕೊಂಡಿತು. ಮತ್ತೊಮ್ಮೆ ಒತ್ತಿದ, ಮತ್ತೆ ನೀಲಿ. ನಾದಿನಿ ಓಢಣಿಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ನಾನು ಹೊರಗೆ ಹೋದೆ, ಒಳಗೆ ಬಂದೆ, ಕುಡಿಯದ ಚಹಾ ಆರಿಹೋಯಿತು.

“ತಡೀರಿ,” ಎಂದು ಅವನು ಬೋರ್ಡಿನದೇ ಸೆಟ್ಟಿಂಗಿಗೆ ಹೋದ. “ಇದು ಡಿಸ್ಕಿನ ಜೋಡಿ ಹೊಸಾ ಧಾಟಿಲೆ ಮಾತಾಡ್ಲಿಕತ್ತೈತಿ, ಹಳೇ ವಿಂಡೋಸಿಗೆ ತಿಳೀವಲ್ದು. ಹಳೇ ಧಾಟಿಗೆ ಹಚ್ಚೂಣು.” ಬದಲಿಸಿ ಒತ್ತಿದ. ಈ ಸಲ ನೀಲಿ ಬರಲಿಲ್ಲ. ನಾದಿನಿ ಬಿಡಿಸಿದ್ದ ನವಿಲು ಪರದೆಯ ತುಂಬ ಗರಿ ಬಿಚ್ಚಿ ನಿಂತಿತು.

ಅಲ್ಹಮ್ದುಲಿಲ್ಲಾ ಎನ್ನುವಷ್ಟರಲ್ಲಿ ಇನ್ನೊಂದು ತೊಡಕು. ಮೌಸು ಅಲ್ಲಾಡಲಿಲ್ಲ, ಕೀಬೋರ್ಡು ಕೇಳಲಿಲ್ಲ. ಹೊಸ ಬೋರ್ಡಿನ ಚಪ್ಪಟೆ ಯುಎಸ್‌ಬಿ ಕಿಂಡಿಗಳ ಪರಿಚಯ ಹಳೆಯ ವಿಂಡೋಸಿಗೆ ಇರಲಿಲ್ಲ.

“ಡ್ರೈವರ್ ಒಳಗ ಕುಂತೈತಿ. ಅದನ್ನ ಒತ್ತಿ ಎಬ್ಬಸಾಕ ಒಂದು ಕೈ ಬೇಕಲ್ರಿ. ಗುಂಡ ಪಿನ್ನಿನ ಹಳೇ ಕೀಬೋರ್ಡ್ ಇದ್ರ ಈ ವಿಂಡೋಸ್ ಗುರ್ತು ಹಿಡೀತಿತ್ತು. ನಮ್ಮ ಕಡೆ ಇದ್ದವೆಲ್ಲಾ ಗುಜರಿಗೆ ಹಾಕಿದ್ವಿ.”

ನಾದಿನಿ ಆಗಲೇ ಅವ್ವನಿಗೆ ಫೋನು ಹಚ್ಚಿದ್ದಳು. ಸಿಟ್ಟಿನಲ್ಲಿ ಲೋಬಾನದ ಸುದ್ದಿಯೂ ಬಾಯಿಂದ ಜಾರಿತು. ನಾನು ಫೋನು ಕಸಿದುಕೊಂಡು, ಗುಂಡು ಪಿನ್ನಿನ ಹಳೆಯ ಕೀಬೋರ್ಡು ಮನೆಯಲ್ಲಿದೆಯೇ ಎಂದು ಕೇಳಿದೆ. ಅತ್ತೆಯ ದನಿ ಸಣ್ಣಗಾಗಿತ್ತು.

“ಗುಂಡ ಪಿನ್ನಿಂದು ಐತೆವಾ. ಅಂಗಡಿಯಿಂದ ಆಕಿ ಒಗದದ್ದನ್ನ ತಂದು ಅಟ್ಟದ ಮ್ಯಾಲ ಇಟ್ಟೀನಿ. ಅಕ್ಷರ ಇರೂ ವಸ್ತು, ಕಾಲಾಗ ಬೀಳಬಾರದಂತ.”

ನಮ್ಮ ಕಡೆ ಗದಗಿನಲ್ಲಿ ಓದುವ ಮಕ್ಕಳಿಗೆ ಊರಿನಿಂದ ಬುತ್ತಿ ಬರುವುದು ಬಸ್ಸಿನ ಮೇಲೆ. ಚೀಲ ಡ್ರೈವರನ ಪಕ್ಕದಲ್ಲಿ ಕೂತು ಬರುತ್ತದೆ. ಅತ್ತೆ ಯಾರ ಮಕ್ಕಳಿಗೂ ಎಂದೂ ಬುತ್ತಿ ಕಳಿಸಿದವರಲ್ಲ. ಆ ದಿನ ಚೀಲ ಹಿಡಿದು ನಮ್ಮೂರ ಸ್ಟ್ಯಾಂಡಿಗೆ ಒಬ್ಬರೇ ನಡೆದು ಹೋದರಂತೆ.

ನಾವು ಗದಗಿನ ಸ್ಟ್ಯಾಂಡಿನಲ್ಲಿ ನಿಂತು ಬಂದ ಬಂದ ಬಸ್ಸಿನ ಬೋರ್ಡು ಓದಿದೆವು. ಇನ್ನೊಂದು, ಮತ್ತೊಂದು. “ಭಾಭಿ, ಹೂಂ ಅಂದ್ರ ಆ ಮನ್ಯಾಗ ನನಗ ಮಷಿನ್ ಹಾಕಾಕ ಬಿಡಂಗಿಲ್ಲ. ಅವರ ಅದನ್ನ ಬಾಯಿ ಬಿಟ್ಟ ಹೇಳ್ಯಾರ,” ಎಂದಳು ನಾದಿನಿ.

ಕೊನೆಗೆ ನಮ್ಮೂರ ಬಸ್ಸು ಬಂತು. ಡ್ರೈವರು ಚೀಲ ಕೊಡುತ್ತ, “ಅಜ್ಜಿ ಹತ್ತ ಸಲ ಹೇಳ್ಯಾಳ್ರಿ, ಒಗೀಬ್ಯಾಡ, ಮ್ಯಾಲ ಏನೂ ಇಡಬ್ಯಾಡ ಅಂತ. ಒಳಗ ತತ್ತಿ ಅದಾವೇನು?” ಎಂದ.

ಮೇಲೆ ರೊಟ್ಟಿ, ಶೇಂಗಾ ಚಟ್ನಿ. ಕೆಳಗೆ ತಲೆದಿಂಬಿನ ಚೀಲದಲ್ಲಿ ಒರೆಸಿ ಸುತ್ತಿದ ಕೀಬೋರ್ಡು.

ಅಂಗಡಿಯವ ಗುಂಡು ಪಿನ್ನು ಸಿಕ್ಕಿಸಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದ. ಕೀಬೋರ್ಡಿನ ಹಸಿರು ದೀಪ ಹತ್ತಿತು. ಬೆರಳಾಡಿಸಿ ಡ್ರೈವರುಗಳನ್ನು ಒಂದೊಂದಾಗಿ ಎಬ್ಬಿಸಿದ; ಮೌಸು ಅಲ್ಲಾಡಿತು. ನಾದಿನಿ ಮುಂದೆ ಬಂದು ಕಸೂತಿಯ ಸಾಫ್ಟ್‌ವೇರ್ ತಾನೇ ತೆರೆದಳು. ಅದು ನೀನ್ಯಾರು ಎಂದು ಕೇಳಲಿಲ್ಲ. ಯಳವತ್ತಿಯ ಮದುವೆ ಮನೆಗೆಂದು ಅರ್ಧ ಬಿಡಿಸಿದ್ದ ಬಳ್ಳಿ, ಬೆಳಿಗ್ಗೆ ಕೈ ಬಿಟ್ಟ ಎಲೆಯ ಹತ್ತಿರವೇ ಕಾಯುತ್ತಿತ್ತು. ಅವಳು ಆ ಎಲೆಯನ್ನು ಅಲ್ಲೇ ಕೂತು ಮುಗಿಸಿದಳು. ಅಂಗಡಿಯವನಿಗೂ ರೊಟ್ಟಿ ಕೊಟ್ಟೆವು. “ಚಟ್ನಿ ಜೋರ ಐತ್ರಿ” ಎಂದು ಇನ್ನೊಂದು ಕೇಳಿ ತಿಂದ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅತ್ತೆ ಮಗಳ ಮುಖ ನೋಡದೆ ಕೌದಿಯ ಗಂಟನ್ನೇ ನೋಡುತ್ತ, “ಎದ್ದತೇನು?” ಎಂದರು.

“ಎದ್ದತಿ ಅಮ್ಮಾ. ಇದ್ದಂಗ ಎದ್ದತಿ.”

“ಇನ್ನ ಮ್ಯಾಲೆ ಲೋಬಾನ ಹೊಸ್ತಲದಾಗ ಇಟ್ಟು ಬರ್ತೀನಿ. ದುವಾ ಒಳಗ ತಾನ ಹೋಗ್ತೈತಿ.”

ಅಷ್ಟರಲ್ಲಿ ಮುಂಡರಗಿಯ ಫೋನು ಬಂತು. ಯಜಮಾನರು ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ಅವರು ಕೈ ಚಾಚುವ ಮೊದಲೇ ಅತ್ತೆ ಎತ್ತಿಕೊಂಡರು.

“ಹೌದ್ರಿ, ಆಕಿ ಅವ್ವ. ಇಲ್ರಿ, ಆಗಂಗಿಲ್ಲ. ನಮ್ಮ ಹುಡಗಿ ಕೆಲಸ ಬಿಡಾಂಗಿಲ್ಲ, ನಾವೂ ಬಿಡಸಾಂಗಿಲ್ಲ. ನಿಮ್ಮ ಹುಡಗಗ ದೇವರು ಛಲೋದು ಮಾಡ್ಲಿ.”

ಯಜಮಾನರು ಒದ್ದೆ ಕಾಲಿನಲ್ಲೇ ನಿಂತು ತಾಯಿಯನ್ನು ನೋಡಿದರು, ಆಮೇಲೆ ತಂಗಿಯನ್ನು. “ಮಷಿನ್ ನಡದೈತೆಲ್ಲಾ, ಆತು ಬಿಡು,” ಎಂದು ಟವೆಲ್ಲು ಕೇಳಿದರು.

ಟವೆಲ್ಲು ಕೊಟ್ಟೆ. ಮಾಳಿಗೆಯ ಮೇಲಿನ ಶ್ಯಾವಿಗೆ ನೆನಪಾಗಿ ಏಣಿ ಹತ್ತಿದೆ. ಅತ್ತೆ ಬಸ್ ಸ್ಟ್ಯಾಂಡಿಗೆ ಹೋದಾಗ ಗುಬ್ಬಿಗಳು ಒಂದು ಮೂಲೆಯನ್ನು ಕೆದರಿದ್ದವು, ಉಳಿದದ್ದೆಲ್ಲ ನೆಟ್ಟಗಿತ್ತು. ಮಂಜು ಇಳಿಯುವ ಮೊದಲು ಧೋತರದ ನಾಲ್ಕೂ ತುದಿ ಹಿಡಿದು ಒಳಗೆ ತಂದೆ.