ಸೊಸೆಯ ಸಾಲ ತೀರಿಸಿ ಕೆಡಿಸಿದವಳು ನಾನೇ

ಇವತ್ತು ಬೆಳಿಗ್ಗೆ ಹರಿಹರದ ಬ್ಯಾಂಕಿನಿಂದ ಹೊರಬಂದದ್ದೇ ತಡ, ನಾನೂ ನನ್ನ ಸೊಸೆ ಮನೀಷಾಳೂ ರಸ್ತೆಯಲ್ಲೇ ತಬ್ಬಿಕೊಂಡು ಕುಣಿದೆವು! ಅರವತ್ತೆರಡರ ನನ್ನ ಮಂಡಿ ಈಗಲೂ ಬೈಯುತ್ತಿದೆ... ಬೈಯಲಿ.

ಯಾಕೆ ಅಂತ ಹೇಳುತ್ತೇನೆ. ಜೊತೆಗೆ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ.

ಮನೀಷಾ ನೇಪಾಳದವಳು. ನನ್ನ ಮಗ ದೋಹಾದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾಗ ಅವಳು ಅಲ್ಲೇ ಬ್ಯೂಟಿ ಪಾರ್ಲರ್‌ನಲ್ಲಿದ್ದಳು. ಮದುವೆಯಾಗಿ ಇಬ್ಬರೂ ದಾವಣಗೆರೆಯ ನಮ್ಮ ಮನೆಗೆ ಬಂದರು, ವರ್ಷದೊಳಗೆ ಅವಳು ತರಕಾರಿಯವನ ಹತ್ತಿರ ನನಗಿಂತ ಜೋರಾಗಿ ಚೌಕಾಸಿ ಮಾಡತೊಡಗಿದಳು.

ಅವಳ ಆಸೆ ಒಂದೇ. ಹರಿಹರದಲ್ಲಿ ಸ್ವಂತ ಪಾರ್ಲರ್, ಅದೂ ತನ್ನದೇ ಹೆಸರಿನ ಸಾಲದಲ್ಲಿ. ಮಳಿಗೆ ಕೂಡ ನೋಡಿಟ್ಟಿದ್ದಳು.

ದುಡ್ಡು ನಾನೇ ಕೊಡುತ್ತೇನೆ ಅಂದೆ. "ಬ್ಯಾಡ್ರಿ ಅತ್ತೆ, ಈ ದೇಶದಾಗೆ ನಾನೂ ಒಬ್ಳು ಇದೀನಿ ಅಂತ ಬ್ಯಾಂಕಿಗೆ ಗೊತ್ತಾಗ್ಬೇಕು" ಅಂದಳು.

ಆದರೆ ಬ್ಯಾಂಕಿನ ಕಂಪ್ಯೂಟರ್‌ನಲ್ಲಿ ಅವಳಿಗೆ ಕ್ರೆಡಿಟ್ ಹಿಸ್ಟರಿ, ಅಂದರೆ ಹಿಂದೆ ಸಾಲ ತಗೊಂಡು ತೀರಿಸಿದ ದಾಖಲೆ, ಅನ್ನುವುದೇ ಇಲ್ಲ. ದೋಹಾದಲ್ಲಿ ಅಷ್ಟು ವರ್ಷ ದುಡಿದದ್ದು ಇಲ್ಲಿ ಲೆಕ್ಕಕ್ಕೇ ಬರಲಿಲ್ಲ. ಮೊದಲು ಒಂದು ಸಣ್ಣ ಸಾಲ ತಗೊಂಡು, ಆರೇಳು ತಿಂಗಳು ತಪ್ಪದೆ ಕಂತು ಕಟ್ಟಿ ತೋರಿಸಿ, ಆಗ ಸ್ಕೋರ್ ಅಂತ ಬರುತ್ತೆ, ಅದನ್ನು ನೋಡಿ ಪಾರ್ಲರ್ ಸಾಲ ಕೊಡುತ್ತೇವೆ ಅಂದರು. ಸರಿ, ಇಎಂಐನಲ್ಲಿ ಒಂದು ಫ್ರಿಜ್ ತಂದಳು.

ಅಷ್ಟರಲ್ಲಿ ದೀಪಾವಳಿ ಬಂತು.

ನಮ್ಮದು ಕಿರಾಣಿ ವ್ಯಾಪಾರದ ಮನೆತನ. ಲಕ್ಷ್ಮೀಪೂಜೆಗೆ ಮುಂಚೆ ಮನೆಯ ಮೇಲೆ ಒಂದು ರೂಪಾಯಿ ಬಾಕಿ ಇರಬಾರದು, ಇದ್ದರೆ ಲಕ್ಷ್ಮಿ ಹೊಸ್ತಿಲು ದಾಟಲ್ಲ ಅಂತ ನಮ್ಮತ್ತೆ ಹೇಳಿಕೊಟ್ಟಿದ್ದರು. ಪಾಪ, ದೂರದ ಹುಡುಗಿ, ಸಾಲ ಹೊತ್ತುಕೊಂಡು ಪೂಜೆಗೆ ಕೂರಬೇಕಾ ಅನ್ನಿಸಿತು.

ಸೀರೆಗೆಂದು ಎತ್ತಿಟ್ಟಿದ್ದ ದುಡ್ಡು ತಗೊಂಡು ಹೋಗಿ, ಅವಳಿಗೆ ಹೇಳದೆ, ನಾಲ್ಕನೇ ತಿಂಗಳಿಗೇ ಸಾಲ ಪೂರ್ತಿ ಚುಕ್ತಾ ಮಾಡಿ ಬಂದೆ!

ಪೂಜೆಯ ದಿನ ರಸೀದಿಗೆ ಅರಿಶಿನ ಕುಂಕುಮ ಹಚ್ಚಿ ಅವಳ ಕೈಗಿಟ್ಟೆ. ಕುಣಿದಾಡುತ್ತಾಳೆ ಅಂದುಕೊಂಡಿದ್ದೆ... ಕೂತು ಅತ್ತೇಬಿಟ್ಟಳು.

"ಇನ್ನು ಎರಡು ತಿಂಗ್ಳು ಕಟ್ಟಿದ್ರೆ ಸ್ಕೋರ್ ಬರ್ತಿತ್ತು ಅತ್ತೆ. ಮಳಿಗೆಯೋರು ಸಂಕ್ರಾಂತಿ ತನ್ಕ ಅಷ್ಟೇ ಕಾಯ್ತೀವಿ ಅಂದಾರೆ. ಈಗ ಮತ್ತೆ ಮೊದ್ಲಿಂದ ಶುರು ಮಾಡ್ಬೇಕು."

ಇಂಗು ತಿಂದ ಮಂಗನಂತಾದೆ ನಾನು.

ಹಬ್ಬ ಮುಗಿದದ್ದೇ ಅವಳನ್ನು ಕರೆದುಕೊಂಡು ಅದೇ ಬ್ಯಾಂಕಿಗೆ ಹೋದೆ. ನಾನೇ ಜಾಮೀನು ನಿಲ್ಲುತ್ತೇನೆ, ಇವಳಿಗೆ ಪಾರ್ಲರ್ ಸಾಲ ಕೊಡ್ರಿ ಅಂತ ಗತ್ತಿನಿಂದಲೇ ಕೇಳಿದೆ. ಆಫೀಸರ್ ಹುಡುಗಿ ನನ್ನ ಹೆಸರು ಒತ್ತಿ ನೋಡಿ ಮೆಲ್ಲಗೆ ಅಂದಳು, "ಅಮ್ಮಾ, ನಿಮ್ದೂ ಏನೂ ಇಲ್ರೀ."

ಏನೂ ಇಲ್ಲ ಅಂದರೆ? ಹುಟ್ಟಿದ್ದು ದಾವಣಗೆರೆಯ ಕೆ.ಬಿ. ಬಡಾವಣೆ, ಮದುವೆಯಾಗಿ ಬಂದದ್ದು ಅದೇ ಊರಿನ ನಿಜಲಿಂಗಪ್ಪ ಬಡಾವಣೆಗೆ. ಅರವತ್ತೆರಡು ವರ್ಷ!

ಮನೆ, ಅಂಗಡಿ, ಫೋನ್ ಬಿಲ್ಲು ಎಲ್ಲವೂ ಯಜಮಾನರ ಹೆಸರಿನಲ್ಲಿ. ಆ ಕಂಪ್ಯೂಟರಿಗೆ ನಾನೂ ನನ್ನ ಸೊಸೆಯಷ್ಟೇ ಹೊಸಬಳು. ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು.

ಮನೀಷಾ ಮಾತ್ರ ಹಬ್ಬದ ಮೇಲೆ ಮೊದಲ ಸಲ ನಕ್ಕಳು. "ಬರ್ರಿ ಅತ್ತೆ, ಇಬ್ರೂ ಕೂಡೇ ಶುರು ಮಾಡಾಣ."

ಅದೇ ವಾರ ಅವಳು ಇಎಂಐನಲ್ಲಿ ಪಾರ್ಲರ್ ಕುರ್ಚಿ ತಗೊಂಡಳು, ನಾನು ವಾಷಿಂಗ್ ಮಷಿನ್. "ಸಾಲ ಮಾಡಿಯಾದ್ರೂ ತುಪ್ಪ ತಿನ್ನು ಅನ್ನಂಗಾತಲ್ಲೇ ನಿಂದು" ಅಂತ ಯಜಮಾನರು ಕಿಚಾಯಿಸಿದರು.

ಪ್ರತಿ ತಿಂಗಳು ಕಂತು ಕಟ್ಟಾದ ಮೆಸೇಜ್ ಇಬ್ಬರ ಫೋನಿಗೂ ಟಿಣ್ ಅಂತ ಬರುತ್ತಿತ್ತು. ಕೈಯಲ್ಲಿ ದುಡ್ಡಿದ್ದೂ ಸಾಲ ತೀರಿಸದೆ ಇರುವುದಿದೆಯಲ್ಲ... ಅಯ್ಯೋ, ನನಗೆ ನಿದ್ದೆಯೇ ಸರಿಯಾಗಿ ಬರುತ್ತಿರಲಿಲ್ಲ ಮಾರಾಯ್ರೆ!

ಆ ಮಳಿಗೆ ಕೈತಪ್ಪಿತು, ನನ್ನಿಂದಲೇ. ಬಸ್ ಸ್ಟ್ಯಾಂಡ್ ಹಿಂದೆ ಇನ್ನೊಂದು ಸಿಕ್ಕಿದೆ, ಸ್ವಲ್ಪ ಚಿಕ್ಕದು.

ಇವತ್ತು ಸಾಲ ಮಂಜೂರಾಯಿತು! ಅವಳದೇ ಹೆಸರು, ಅವಳದೇ ಸ್ಕೋರ್.

ಅದೇ ಆಫೀಸರ್ ಹುಡುಗಿ ಕೇಳಿದಳು, "ಜಾಮೀನು ಯಾರ್ರಿ, ಯಜಮಾನ್ರಾ?"

"ಅಲ್ರೀ, ನಾನು" ಅಂದೆ. ಈ ಸಲ ಕಂಪ್ಯೂಟರಿಗೆ ನಾನು ಯಾರು ಅಂತ ಗೊತ್ತಿತ್ತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಆ ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ಒತ್ತಿದರೆ ಏನು ಬರುತ್ತೆ?